ಗವುಸು ಹೊದ್ದ ಮಿಷನ್‌ಗಳು

ಪಿರಿಯಾಪಟ್ಟಣದ ಸರ್ಕಾರಿ ಹೊಲಿಗೆ ತರಬೇತಿ ಶಾಲೆಯಲ್ಲಿ ನಾನು ಒಂದು ವರ್ಷ ನೆಲ ತುಳಿದೆ. ಸುಳ್ಳಲ್ಲ. ನಾವು ಹುಡುಗಿಯರೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತು, ಬರಿಗಾಲನ್ನು ಗಾರೆ ನೆಲಕ್ಕೆ ಒತ್ತಿ, "ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು" ಎಂದು ರಾಗವಾಗಿ ಹೇಳುತ್ತಾ ಇಲ್ಲದ ಮಿಷನ್ ತುಳಿಯುತ್ತಿದ್ದೆವು. ಶಾಲೆಗೆ ಮಿಷನ್‌ಗಳು ಬಂದಿರಲಿಲ್ಲವೆಂದಲ್ಲ. ಸ್ವಾತಂತ್ರ್ಯ ಬಂದು ಹತ್ತು ವರ್ಷ ತುಂಬುವ ಮೊದಲೇ ಸರ್ಕಾರ ಕಳಿಸಿದ್ದ ಹೊಸ ಕಾಲುಮಿಷನ್‌ಗಳು ಪಕ್ಕದ ಕೋಣೆಯಲ್ಲಿ ಗವುಸು ಹೊದ್ದು ನಿಂತಿದ್ದವು. ಆ ಕೋಣೆಯ ಬೀಗದ ಕೈ ನಮ್ಮ ಸೂಪರಿಂಟೆಂಡೆಂಟರ ಸೊಂಟದಲ್ಲಿತ್ತು.

ಅವರು ಕಳ್ಳರಲ್ಲ. ಶಾಲೆಯ ಒಂದು ದಾರದುಂಡೆಯನ್ನೂ ಮನೆಗೆ ಒಯ್ದವರಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು. ಕಳ್ಳರಾಗಿದ್ದರೆ ಯಾರಾದರೂ ಹಿಡಿದು ಕೇಳುತ್ತಿದ್ದರು. ಮೇಲಧಿಕಾರಿಗಳು ಬಂದಾಗ ಗವುಸು ಎತ್ತಿ ತೋರಿಸುವರು. "ಭೇಷ್, ಈಗ ಅಂಗಡಿಯಿಂದ ತಂದ ಹಾಗಿದೆ" ಎಂದು ಹೊಗಳಿ, ಕಾಫಿ ಕುಡಿದು, ಅಧಿಕಾರಿಗಳು ಬಸ್ ಹತ್ತುವರು. ಹುಡುಗಿಯರು ಏನು ಕಲಿತರೆಂದು ಒಬ್ಬ ಮಹಾನುಭಾವನೂ ಕೇಳಲಿಲ್ಲ.

ನನಗೆ ಅದು ಹುಡುಗಾಟದ ವರ್ಷವಾಗಿರಲಿಲ್ಲ. ಬೆಟ್ಟದಪುರದ ನಮ್ಮ ಮನೆಯಲ್ಲಿ, ನನಗಿಂತ ದುಪ್ಪಟ್ಟು ವಯಸ್ಸಿನ ಸೋದರಮಾವನಿಗೆ ನನ್ನನ್ನು ಕೊಡುವುದೆಂದು ಮಾತಾಗಿತ್ತು. ಅತ್ತು ಕರೆದು ಒಂದು ವರ್ಷದ ಗಡುವು ಪಡೆದಿದ್ದೆ. ಕೆ.ಆರ್. ನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರ್ ಜಾಗ ಖಾಲಿ ಇತ್ತು.

"ಪಾಸಾಗಿ ಆ ಕೆಲ್ಸ ಸಿಕ್ಕುದ್ರೆ ನಿನ್ ಇಷ್ಟ ಕಣವ್ವ. ಇಲ್ದಿದ್ರೆ ಬಾಯ್ ಮುಚ್ಕಂಡು ತಾಳಿ ಕಟ್ಟುಸ್ಕೊ" ಎಂದಿದ್ದರು ಅಪ್ಪ.

ಆಯುಧಪೂಜೆಯ ದಿನ ಮಾತ್ರ ಕೋಣೆ ನಮಗೂ ತೆರೆಯಿತು. ಗವುಸು ಕಳಚಿ ಮಿಷನ್‌ಗಳಿಗೆ ಅರಿಶಿನ, ಕುಂಕುಮ, ಸೇವಂತಿಗೆ ಏರಿಸಿದರು. ಕಪ್ಪಗೆ ಮಿಂಚುವ ಆ ಮೈ ನೋಡಿ ತಡೆಯಲಾರದೆ ಒಂದರ ಚಕ್ರಕ್ಕೆ ಕೈ ಹಾಕಿದೆ.

"ಮುಟ್ಟಬೇಡಮ್ಮ!" ಎಂದು ಕೂಗಿದರು ಸೂಪರಿಂಟೆಂಡೆಂಟರು. "ಪೂಜೆಗಿಟ್ಟ ಯಂತ್ರವನ್ನು ಇವತ್ತು ಯಾರಾದರೂ ಓಡಿಸುತ್ತಾರೆಯೇ?"

"ನಾಳೆ ಓಡುಸ್ಬೋದಾ ಸಾರ್?"

"ಪರೀಕ್ಷೆ ಹತ್ತಿರ ಬರಲಿ, ನೋಡೋಣ."

ಪರೀಕ್ಷೆ ಬಂತು, ಬೀಗ ಬಿಚ್ಚಲಿಲ್ಲ. ಹುಣಸೂರಿನ ಪರೀಕ್ಷೆಯಲ್ಲಿ ನನ್ನ ಮುಂದೆ ಒಂದು ಕಾಲುಮಿಷನ್, ಒಂದು ರವಿಕೆ ಬಟ್ಟೆ. ಹಿಮ್ಮಡಿ, ಬೆರಳು ಎಂದುಕೊಂಡು ತುಳಿದೆ. ನೆಲ ಹಿಂದಕ್ಕೆ ತಿರುಗುವುದಿಲ್ಲ, ಚಕ್ರ ಹಿಂದಕ್ಕೆ ತಿರುಗಿತು. ದಾರ ಸಿಕ್ಕಾಯಿತು, ಬಟ್ಟೆ ಕಚ್ಚಿಕೊಂಡಿತು, ಎಳೆದರೆ ಸೂಜಿ ಮುರಿಯಿತು.

"ವರ್ಷವೆಲ್ಲ ಏನು ಮಾಡಿದೆ?" ಎಂದು ಪರೀಕ್ಷೆ ಮಾಡಲು ಬಂದಿದ್ದ ಹೆಂಗಸು ಕೇಳಿದರು.

"ನೆಲ ತುಳುದ್ವಿ ಅಮ್ಮಾ" ಎಂದೆ. ಉದ್ಧಟತನವೆಂದುಕೊಂಡು ಅವರು ಮುಖ ಗಂಟು ಹಾಕಿದರು. ನಮ್ಮ ಶಾಲೆಯ ಒಬ್ಬಳೂ ಪಾಸಾಗಲಿಲ್ಲ.

"ಇಂಥ ಒಳ್ಳೆಯ ಮಿಷನ್‌ಗಳಿದ್ದೂ ಫೇಲಾದಿರಲ್ಲ, ನಾಚಿಕೆಯಾಗಬೇಕು ನಿಮಗೆ" ಎಂದರು ಸೂಪರಿಂಟೆಂಡೆಂಟರು. ನಮಗೆ ನಾಚಿಕೆಯಂತೆ! ಅವರಿಗೋ ಬಡ್ತಿ ಬಂತು. ಸರ್ಕಾರದ ಸೊತ್ತನ್ನು ಮಾದರಿಯಾಗಿ ಕಾಪಾಡಿದ್ದಕ್ಕೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನ ಹೊಲಿಗೆ ಶಾಲೆಗಳನ್ನು ಅವರ ಕೈಗೆ ಕೊಟ್ಟರು. ಅವರ ಮೊದಲ ಹುಕುಂ ಏನು ಗೊತ್ತೇ? ಎಲ್ಲ ಶಾಲೆಗಳ ಮಿಷನ್‌ಗಳಿಗೂ ಗವುಸು ಆಗಬೇಕು. ಹೊಲಿಯಬೇಕಾದವರು ಫೇಲಾದ ನಾವೇ.

ಬಟ್ಟೆ ದಪ್ಪ. ಸೂಜಿ ಇಳಿಯದೆ ಬೆರಳೆಲ್ಲ ತೂತಾಯಿತು.

"ಒಂದೇ ಒಂದು ಮಿಷನ್ ತೆಗುಸ್ಕೊಡಿ ಸಾರ್, ಬೇಗ ಆಯ್ತದೆ" ಎಂದಳು ಪಕ್ಕದಲ್ಲಿ ಕೂತಿದ್ದ ಗೆಳತಿ.

"ಮಿಷನ್ ಸವೆಯುವುದಿಲ್ಲವೇ? ಕೈಯಲ್ಲೇ ಹೊಲಿಯಿರಿ."

ಮೈಯೆಲ್ಲ ಉರಿದುಹೋಯಿತು. ಅರ್ಧ ಹೊಲಿದ ಗವುಸನ್ನು ಅವರ ಮೇಜಿನ ಮೇಲೆ ಎಸೆದು, ಹಿಂದೆ ನೋಡದೆ ಬೆಟ್ಟದಪುರದ ದಾರಿ ಹಿಡಿದೆ.

ಶ್ರಾವಣದಲ್ಲಿ ಸೋದರಮಾವನೇ ತಾಳಿ ಕಟ್ಟಿದ. ನನ್ನ ಧಾರೆಯ ರವಿಕೆಯನ್ನು ಪೇಟೆಯ ದರ್ಜಿಯೊಬ್ಬ ಹೊಲಿದುಕೊಟ್ಟ, ಕಾಲುಮಿಷನ್‌ನಲ್ಲಿ.