ಸ್ನೇಹಲ್ ಕಟ್ಟಿದ ದೋಣಿಯಲ್ಲಿ ವಿಜಯಶ್ರೀ

ಹತ್ತನೇ ತರಗತಿಯ ವಿಜ್ಞಾನದಲ್ಲಿ ವಿಜಯಶ್ರೀ ಇಡೀ ತಾಲೂಕಿಗೇ ಮೊದಲು ಬಂದಾಗ ಅವಳು ಸೂಕ್ಷ್ಮದರ್ಶಕದೊಳಗೆ ಒಮ್ಮೆಯೂ ಇಣುಕಿ ನೋಡಿರಲಿಲ್ಲ. ಗದಗಿನ ಅವಳ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲವೆಂದಲ್ಲ. ಇತ್ತು. ಗಾಜಿನ ಬಾಗಿಲಿನ ಕಪಾಟಿನಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅದರ ಕೀಲಿ ಇರುತ್ತಿದ್ದುದು ವಿಜ್ಞಾನದ ಮಾಸ್ತರರಾದ ಅವಳ ತಂದೆ ಅಡಿವೆಪ್ಪನವರ ಜೇಬಿನಲ್ಲೇ. ಒಡೆದರೆ ಇನ್ನೊಂದು ಬರುವುದಿಲ್ಲ ಎಂಬ ಅಂಜಿಕೆಯಿಂದ ಅವರು ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಬದಲಿಗೆ ಈರುಳ್ಳಿ ಸಿಪ್ಪೆಯ ಜೀವಕೋಶಗಳನ್ನು ಬಣ್ಣದ ಖಡುವಿನಲ್ಲಿ ಕರಿಹಲಗೆಯ ಮೇಲೆ ಎಷ್ಟು ಚೆಂದ ಬಿಡಿಸುತ್ತಿದ್ದರೆಂದರೆ, ನಿಜವಾದದ್ದನ್ನು ನೋಡಬೇಕೆಂದು ಮಕ್ಕಳಿಗೆ ಅನ್ನಿಸುತ್ತಲೇ ಇರಲಿಲ್ಲ.

ಹೀಗೆ ಚಿತ್ರ ನೋಡಿ, ಬಾಯಿಪಾಠ ಮಾಡಿ, ಅವಳು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದಳು. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದಮೇಲೆ ಇನ್ನೊಂದು ಡಿಗ್ರಿ ಮಾಡಿ, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಯೋಟೆಕ್ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಅವಳ ತಲೆ ಎಲ್ಲರಿಗಿಂತ ಮುಂದಿತ್ತು, ಕೈ ಮಾತ್ರ ಎಲ್ಲರಿಗಿಂತ ಹಿಂದೆ. ದ್ರವವನ್ನು ಅಳೆದು ಹಾಕುವ ಪಿಪೆಟ್ಟು ಹಿಡಿದರೆ ಒಂದು ಹನಿ ಹೆಚ್ಚೋ ಕಡಿಮೆಯೋ ಬೀಳುತ್ತಿತ್ತು. ಪಕ್ಕದ ಹುಡುಗರು ಹಾಡು ಗುನುಗುತ್ತ ಮಾಡುವ ಕೆಲಸವನ್ನು ಅವಳು ಉಸಿರು ಬಿಗಿಹಿಡಿದು ಮಾಡುತ್ತಿದ್ದಳು. ಕೈ ಪಳಗುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. ಆದರೂ ಹೊಸ ಯಂತ್ರವೊಂದು ಬಂದರೆ ಅವಳು ಮೊದಲು ಅದರ ಕೈಪಿಡಿಯನ್ನು ಪೂರ್ತಿ ಓದುವವಳೇ ಹೊರತು ಗುಂಡಿ ಒತ್ತುವವಳಲ್ಲ.

ಅವಳ ಗಂಡ ಶಶಿಧರ ಹುಬ್ಬಳ್ಳಿಯವನು, ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅಲ್ಲೇ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಮನೆ. ಒಬ್ಬಳೇ ಮಗಳು, ಸ್ನೇಹಲ್.

ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಸ್ನೇಹಲ್ ಶಾಲೆಯಲ್ಲಿ ಮಾತಾಡುವುದನ್ನು ಬಿಟ್ಟಳು. ಓದುವಾಗ ಅವಳಿಗೆ ಅಕ್ಷರಗಳು ಬೇಗ ಕೂಡಿಬರುತ್ತಿರಲಿಲ್ಲ. ಉಳಿದ ಮಕ್ಕಳು ಹಾಳೆ ತುಂಬಿಸಿ ಒಪ್ಪಿಸುವಾಗ ಇವಳು ಇನ್ನೂ ಮೊದಲ ಸಾಲಿನಲ್ಲಿರುತ್ತಿದ್ದಳು. ಒಮ್ಮೆ ಎಲ್ಲರೆದುರು ತಡವರಿಸಿದ್ದೇ ನೆಪ, ಆಮೇಲೆ ಕೈ ಎತ್ತುವುದನ್ನೂ ನಿಲ್ಲಿಸಿದಳು. ಮುಂಜಾನೆ ಆಯಿತೆಂದರೆ ಹೊಟ್ಟೆನೋವು. ಡಾಕ್ಟರು ನೋಡಿ ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ಟ್ಯೂಷನ್ ಹಚ್ಚಿದರೆ ಹೊಟ್ಟೆನೋವು ಸಂಜೆಗೂ ಬಂತು.

ಆಗ ಲ್ಯಾಬಿನ ಗೆಳತಿ ಗಾರ್ಗಿ ಒಂದು ಶಾಲೆಯ ಹೆಸರು ಹೇಳಿದಳು. ಅದು ಚಾರ್ಟರ್ ಶಾಲೆ. ಸರಕಾರದ ದುಡ್ಡಿನಲ್ಲೇ ನಡೆಯುತ್ತದೆ, ಫೀ ಇಲ್ಲ, ಆದರೆ ಪಾಠ ಹೇಗೆ ಹೇಳಬೇಕೆಂಬುದನ್ನು ಶಾಲೆಯೇ ತೀರ್ಮಾನಿಸುತ್ತದೆ. ಅಲ್ಲಿ ಮಕ್ಕಳು ಕೈಯಿಂದ ಮಾಡಿ ಕಲಿಯುತ್ತಾರಂತೆ. ಸೇರಬೇಕೆಂದರೆ ಲಾಟರಿಯಲ್ಲಿ ಹೆಸರು ಬರಬೇಕು, ಸೇರಿದಮೇಲೆ ತಂದೆತಾಯಿಗಳೂ ಆಗಾಗ ಬಂದು ಕೆಲಸ ಮಾಡಬೇಕು. ಗಾರ್ಗಿಯ ಮಗ ಲೋಹಿತ್ ಅಲ್ಲೇ ಓದುತ್ತಿದ್ದ. ವಿಜಯಶ್ರೀ ಹೆಚ್ಚು ಆಸೆಯಿಲ್ಲದೆ ಅರ್ಜಿ ಹಾಕಿದಳು. ಲಾಟರಿಯಲ್ಲಿ ಹೆಸರು ಬರಲಿಲ್ಲ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಯಾರೋ ಊರು ಬಿಟ್ಟು ಹೋಗಿ ಒಂದು ಸೀಟು ಖಾಲಿಯಾಗಿದೆ ಎಂದು ಶಾಲೆಯಿಂದ ಫೋನು ಬಂತು.

ಮೊದಲ ತಿಂಗಳು ಮನೆಗೆ ಒಂದು ಪುಸ್ತಕವೂ ಬರಲಿಲ್ಲ. ಬಂದದ್ದು ಮರದ ಹೊಟ್ಟು. ಸ್ನೇಹಲ್‌ಳ ಕೂದಲಲ್ಲಿ, ಕಾಲುಚೀಲದಲ್ಲಿ, ಕಾರಿನ ಸೀಟಿನಲ್ಲಿ. ಐದನೇ ತರಗತಿಯವರು ಈ ವರ್ಷ ದೋಣಿ ಕಟ್ಟುತ್ತಾರೆ ಎಂದು ತಿಳಿಯಿತು. ಆಟಿಕೆಯ ದೋಣಿಯಲ್ಲ, ಜನ ಕೂತು ಹುಟ್ಟುಹಾಕುವ ದೋಣಿ. ಅಳತೆ, ಭಿನ್ನರಾಶಿ, ಕೋನಗಳೆಲ್ಲ ಆ ದೋಣಿಯಲ್ಲೇ ಬರುತ್ತವೆ. ಊರಿನ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಇತಿಹಾಸವೂ ಅದರಲ್ಲೇ, ಇಂಗ್ಲಿಷೂ ಅದರಲ್ಲೇ.

ಶಶಿಧರನಿಗೆ ಇದು ಸರಿಹೋಗಲಿಲ್ಲ. ಊಟಕ್ಕೆ ಕೂತಾಗ ಕೇಳಿಯೇಬಿಟ್ಟ.

"ಪುಸ್ತಕಿಲ್ಲ, ಹೋಂವರ್ಕಿಲ್ಲ. ಇದು ಸಾಲಿನೋ, ಕಾರ್ಖಾನಿನೋ? ನಾಳೆ ಹೈಸ್ಕೂಲಿಗೆ ಹೋದಾಗ ಹುಡುಗಿ ಗತಿ ಏನು, ವಿಜಯಾ?"

"ನನಗೂ ಗೊತ್ತಿಲ್ರಿ," ಎಂದಳು ವಿಜಯಶ್ರೀ. "ಖರೆ, ಈಗ ಮುಂಜಾನೆ ತಾನೇ ಎದ್ದು ಬೂಟು ಹಾಕ್ಕೊಂತಾಳ. ನಾ ಅಷ್ಟು ನೋಡೇನಿ."

ತಂದೆತಾಯಿಗಳ ಪಾಲಿನ ಕೆಲಸಕ್ಕೆ ಅವಳು ಬುಧವಾರಗಳನ್ನು ಆರಿಸಿಕೊಂಡಳು. ಶಾಲೆಯ ಹಿಂದಿನ ದೊಡ್ಡ ಶೆಡ್ಡೇ ದೋಣಿಯ ಕಾರ್ಯಾಗಾರ. ಮೊದಲ ದಿನ ಒಳಗೆ ಕಾಲಿಟ್ಟವಳ ಕಣ್ಣು ಕಪಾಟನ್ನು ಹುಡುಕಿತು. ಗರಗಸ, ಉಳಿ, ಡ್ರಿಲ್ಲು ಎಲ್ಲವೂ ತೆರೆದ ಗೋಡೆಯ ಮೇಲೆ ಮಕ್ಕಳ ಎದೆಯೆತ್ತರಕ್ಕೇ ತೂಗುತ್ತಿದ್ದವು. ಬೀಗವಿಲ್ಲ, ಬಾಗಿಲೇ ಇಲ್ಲ. ಒಂದು ಪುಟ್ಟ ಹುಡುಗಿ ರಕ್ಷಣೆಯ ಕನ್ನಡಕ ಏರಿಸಿಕೊಂಡು ಗರಗಸ ತೆಗೆದುಕೊಂಡಳು, ಕೆಲಸ ಮುಗಿಸಿ ಹಲ್ಲುಗಳನ್ನು ಒರೆಸಿ ಅದೇ ಮೊಳೆಗೆ ತೂಗುಹಾಕಿದಳು. ಅದನ್ನು ಯಾರೂ ವಿಶೇಷವೆಂದು ನೋಡಲಿಲ್ಲ. ವಿಜಯಶ್ರೀ ಒಬ್ಬಳೇ ನೋಡುತ್ತ ನಿಂತಳು.

ತರಗತಿಯ ಟೀಚರ್ ಮಾರಿಸೋಲ್. ಮಕ್ಕಳು ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಮಾರಿಸೋಲ್ ಹೆಚ್ಚು ಮಾತಿನವರಲ್ಲ. ಬಂದ ತಂದೆತಾಯಿಗಳಿಗೆ ಅವರು ಹೇಳುತ್ತಿದ್ದುದು ಒಂದೇ: ಮಗು ಕೇಳಿದರೆ ಹಲಗೆ ಹಿಡಿದುಕೊಳ್ಳಿ, ಕೇಳದಿದ್ದರೆ ಕೈ ಹಿಂದೆ ಕಟ್ಟಿಕೊಳ್ಳಿ. ವಿಜಯಶ್ರೀಗೆ ಲ್ಯಾಬಿನ ಯಾವ ಕೆಲಸವೂ ಇಷ್ಟು ಕಷ್ಟವೆನಿಸಿರಲಿಲ್ಲ.

ಚಳಿಗಾಲದ ಒಂದು ಬುಧವಾರ ಅನಾಹುತ ನಡೆಯಿತು. ದೋಣಿಯ ಎರಡು ಪಕ್ಕದ ಹಲಗೆಗಳಲ್ಲಿ ಒಂದನ್ನು ಸ್ನೇಹಲ್ ಮತ್ತು ಲೋಹಿತ್ ಅಳೆದು ಕೊಯ್ದಿದ್ದರು. ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದರೆ ಹಿಂಬದಿಯಲ್ಲಿ ನಾಲ್ಕು ಬೆರಳಗಲ ಗಿಡ್ಡ. ಟೇಪು ಹಿಡಿದಿದ್ದವಳು ಸ್ನೇಹಲ್. ಅಂಕಿಯನ್ನು ತಪ್ಪಾಗಿ ಓದಿದ್ದಳು. ಮಗಳ ಮುಖ ಬಿಳಿಚಿಕೊಂಡಿದ್ದು ವಿಜಯಶ್ರೀಗೆ ದೂರದಿಂದಲೇ ಕಂಡಿತು. ಹಳೆಯ ಶಾಲೆಯಲ್ಲಿ ತಡವರಿಸಿದ ದಿನದ ಮುಖ ಅದು. ಹೊಸ ಹಲಗೆ ತರಿಸೋಣ, ಬೆಲೆ ನಾನೇ ಕೊಡುತ್ತೇನೆ ಎನ್ನಲು ಅವಳು ಬಾಯಿ ತೆರೆದದ್ದೇ, ಮಾರಿಸೋಲ್ ಹಗುರಾಗಿ ಅವಳ ತೋಳು ಮುಟ್ಟಿದರು. ಅಷ್ಟೇ.

ಮಾರಿಸೋಲ್ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಕ್ಕಳನ್ನು ಹಲಗೆಯ ಸುತ್ತ ಕೂರಿಸಿ, ನಮ್ಮ ಹತ್ತಿರ ಈಗ ಏನಿದೆ, ಇದರಿಂದ ಏನು ಮಾಡಬಹುದು ಎಂದು ಕೇಳಿ ಸುಮ್ಮನಾದರು. ವಿಜಯಶ್ರೀ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಒಬ್ಬ ತುಂಡು ಜೋಡಿಸೋಣ ಎಂದ, ಒಬ್ಬಳು ಅಲ್ಲಿ ನೀರು ಸೋರುತ್ತದೆ ಎಂದಳು. ಕೊನೆಗೆ ನೆಲ ನೋಡುತ್ತ ಕೂತಿದ್ದ ಸ್ನೇಹಲ್, ಇನ್ನೊಂದು ಹಲಗೆಯನ್ನೂ ಇಷ್ಟೇ ಕೊಯ್ದರೆ ದೋಣಿ ಸ್ವಲ್ಪ ಚಿಕ್ಕದಾಗುತ್ತದೆ, ಆದರೆ ದೋಣಿಯೇ ಆಗಿರುತ್ತದೆ ಎಂದಳು. ಹೊಸ ಶಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಅವಳು ಆಡಿದ ಮೊದಲ ಮಾತು ಅದು.

ಹಾಗಾದರೆ ಹಿಂಬದಿಯನ್ನು ಮುಚ್ಚುವ ಅಡ್ಡ ತುಂಡು ಕೂಡುತ್ತದೆಯೇ ಎಂದು ಮಾರಿಸೋಲ್ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ತಮಗೂ ಖಚಿತವಿಲ್ಲ ಎಂದರು ಅವರೇ.

ಆ ಸಂಜೆ ಸ್ನೇಹಲ್ ದಿನಸಿ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ ನಡುಮನೆಯಲ್ಲಿ ಹರಡಿಕೊಂಡು ಕೂತಳು. ಅಂಗೈಯುದ್ದದ ದೋಣಿ, ಆಮೇಲೆ ಮೊಳದುದ್ದದ್ದು. ಆಫೀಸಿನಿಂದ ಬಂದ ಶಶಿಧರ ಚಪ್ಪಲಿ ಕಳಚಿದವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ದೋಣಿಯನ್ನು ಹಿಂದಿನಿಂದ ಮೊಟಕು ಮಾಡಿದರೆ ಆ ಜಾಗದಲ್ಲಿ ಅಗಲ ಹೆಚ್ಚಾಗಿರುತ್ತದೆ, ಹಾಗಾಗಿ ಹಿಂದಿನ ತುಂಡು ಕೊಂಚ ಅಗಲವಾಗಬೇಕು ಎಂದು ಮಗಳು ರಟ್ಟನ್ನು ಬಾಗಿಸಿ ತೋರಿಸಿದಳು. ಎಷ್ಟು ಅಗಲ ಎಂದು ಅವನು ಕೇಳಿದ. ಅವಳು ಅಳೆದಳು, ಎರಡು ಸಲ ಓದಿದಳು, ಆಮೇಲೆ ದೊಡ್ಡ ದೋಣಿಗೆ ಲೆಕ್ಕ ಹಾಕಿದಳು. ಅನುಪಾತದ ಲೆಕ್ಕ. ಟ್ಯೂಷನ್ನಿನಲ್ಲಿ ಅದೇ ಲೆಕ್ಕಕ್ಕೆ ಅವಳು ಕಣ್ಣೀರು ಹಾಕಿದ್ದುಂಟು. ಶಶಿಧರ ಹೆಂಡತಿಯತ್ತ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ವಿಜಯಶ್ರೀ ಸೌಟು ಹಿಡಿದು ನಿಂತಿದ್ದಳು. ಅವಳಿಗೆ ಕೈ ಮುಗಿಯಬೇಕು ಅನ್ನಿಸಿತು.

ಮೇ ತಿಂಗಳ ಒಂದು ಶನಿವಾರ ಮುಂಜಾನೆ, ಉಬ್ಬರದ ಹೊತ್ತಿಗೆ, ದೋಣಿ ಕೊಲ್ಲಿಯ ನೀರಿಗಿಳಿಯಿತು. ಇಳಿತವಿದ್ದರೆ ಆ ದಂಡೆಯಲ್ಲಿ ಬರೀ ಕೆಸರು. ಆ ದಿನ ನೀರು ತುಂಬಿ ಹುಲ್ಲಿನ ಬುಡ ಮುಟ್ಟಿತ್ತು. ಪ್ರತಿ ಮಗುವೂ ತನ್ನ ಮನೆಯ ಒಬ್ಬರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬರಬೇಕು. ಶಶಿಧರ ಪ್ಯಾಂಟು ಮಡಿಚಿ ತಯಾರಾಗಿದ್ದ. ಸ್ನೇಹಲ್ ಮಾತ್ರ ಅಮ್ಮನ ಕೈಗೆ ಲೈಫ್ ಜಾಕೆಟ್ ಕೊಟ್ಟಳು.

ವಿಜಯಶ್ರೀಗೆ ಈಜು ಬಾರದು. ಕೆರೆಯ ಮೆಟ್ಟಿಲಿಗಿಂತ ಮುಂದೆ ನೀರಿಗೆ ಇಳಿದವಳಲ್ಲ. ಒಲ್ಲೆ ಎನ್ನಲು ಮಗಳ ಮುಖ ನೋಡಿದಳು, ಎನ್ನಲಾಗಲಿಲ್ಲ. ಮಾರಿಸೋಲ್ ದೋಣಿಯ ಅಂಚು ಹಿಡಿದಿದ್ದರು, ದಂಡೆಯುದ್ದಕ್ಕೂ ಕಾವಲು ದೋಣಿಯೊಂದು ಓಡಾಡುತ್ತಿತ್ತು. ಅವಳು ಹಿಂಬದಿಯ ಹಲಗೆಯ ಮೇಲೆ ಕೂತಳು. ಕೂತಮೇಲೆ ತಿಳಿಯಿತು, ಒರಗಿದ್ದು ಮಗಳು ಅಗಲ ಹೆಚ್ಚಿಸಿದ ತುಂಡಿಗೇ. ತನಗೂ ಕೊಲ್ಲಿಯ ನೀರಿಗೂ ನಡುವೆ ಇರುವುದು ಬೆರಳಿಗಿಂತ ತೆಳ್ಳಗಿನ ಮರ. ಅದನ್ನು ಕೂಡಿಸಿದ್ದು ಮಕ್ಕಳು. ಅವಳು ಕಣ್ಣು ಮುಚ್ಚಿ ಅಂಚನ್ನು ಬಿಗಿಹಿಡಿದಳು.

"ಅಮ್ಮಾ, ಕಣ್ಣು ಓಪನ್ ಮಾಡು," ಎಂದಳು ಸ್ನೇಹಲ್. "ಐ ಕಾಂಟ್ ಸೀ. ನೀ ಹೇಳಬೇಕು."

ಹುಟ್ಟುಹಾಕುವವರ ಬೆನ್ನು ದೋಣಿ ಹೋಗುವ ದಿಕ್ಕಿಗಿರುತ್ತದೆ ಎಂಬುದು ವಿಜಯಶ್ರೀಗೆ ಆಗಲೇ ಗೊತ್ತಾದದ್ದು. ಮುಂದಿನ ದಾರಿ ಕಾಣುವುದು ಅವಳೊಬ್ಬಳಿಗೇ. ಕಣ್ಣು ತೆರೆದಳು. ಎದುರಿಗೆ ಮಗಳು, ಅವಳ ಹಿಂದೆ ಬೆಳಕು ಹಾಸಿದ ನೀರು, ದೂರದಲ್ಲಿ ಬಂದರಿನ ಕ್ರೇನುಗಳು, ತಲೆಯ ಮೇಲೆ ಏರ್‌ಪೋರ್ಟಿನತ್ತ ಇಳಿಯುತ್ತಿದ್ದ ವಿಮಾನ. ಸ್ವಲ್ಪ ಎಡಕ್ಕೆ, ಎಂದಳು ಪಿಸುದನಿಯಲ್ಲಿ. ದೋಣಿ ಎಡಕ್ಕೆ ತಿರುಗಿತು. ಅವಳ ಒಂದು ಮಾತಿಗೆ ಅಷ್ಟು ದೊಡ್ಡ ವಸ್ತು ಹೊರಳಿತು.

ಪಾದದ ಬಳಿ ನೀರು ಹರಿದಾಡುತ್ತಿರುವುದು ಕಂಡು ಅವಳು ಬೆಚ್ಚಿದಳು. ಸ್ನೇಹಲ್ ಬಗ್ಗಿ ನೋಡಿ, ಬೆರಳಿಂದ ಮುಟ್ಟಿ, ಅದು ಹುಟ್ಟಿನಿಂದ ತೊಟ್ಟಿಕ್ಕಿದ ನೀರು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಹಲಗೆಗಳನ್ನು ತಾಮ್ರದ ತಂತಿ ಹಾಯಿಸಿ ಹೊಲಿದ ಜಾಗ, ಅಂಟು ತುಂಬಿದ ಜಾಗ, ಉಜ್ಜಿ ಉಜ್ಜಿ ನುಣುಪು ಮಾಡಿದ ಜಾಗ, ಒಂದೊಂದನ್ನೇ ಗದ್ದದಿಂದ ತೋರಿಸುತ್ತ, ಎಲ್ಲಿ ಯಾರು ಏನು ಮಾಡಿದರೆಂದು ಹೇಳುತ್ತ ಹೋದಳು. ಮಾತು ನಿಲ್ಲಲಿಲ್ಲ. ವಿಜಯಶ್ರೀ ಕೇಳುತ್ತಿದ್ದಳೋ ಇಲ್ಲವೋ, ಅವಳ ಕಣ್ಣು ಮಗಳ ಕೈಗಳ ಮೇಲಿತ್ತು. ಹುಟ್ಟು ಹಿಡಿದ ಆ ಸಣ್ಣ ಕೈಗಳಲ್ಲಿ ಅಂಗೈ ಗಟ್ಟಿಯಾಗಿತ್ತು. ಹೆದರಿಕೆಯ ಸುಳಿವೂ ಅವುಗಳಲ್ಲಿರಲಿಲ್ಲ. ಇವು ನನ್ನ ಹೊಟ್ಟೆಯಲ್ಲಿ ಮೂಡಿದ ಕೈಗಳೇ ಎಂದು ಅವಳಿಗೆ ನಂಬಲಾಗಲಿಲ್ಲ. ಸುತ್ತು ಮುಗಿದು ದಂಡೆ ಬಂದದ್ದೂ ತಿಳಿಯಲಿಲ್ಲ.

"ಹೆಂಗಿತ್ತು?" ಎಂದು ಶಶಿಧರ ಕೈಕೊಟ್ಟು ಇಳಿಸಿಕೊಂಡ. ಇನ್ನೊಂದು ಸುತ್ತು ಹೋಗಬಹುದೇನು ಎಂದು ಅವಳು ಕೇಳಿದಳು.

ಇದಾದಮೇಲೆ ಎಲ್ಲವೂ ನೆಟ್ಟಗಾಯಿತೆಂದು ಹೇಳುವಂತಿಲ್ಲ. ಸ್ನೇಹಲ್‌ಳ ಓದು ಈಗಲೂ ನಿಧಾನ. ರಾಜ್ಯದ ಪರೀಕ್ಷೆಯಲ್ಲಿ ಅವಳ ಅಂಕಗಳನ್ನು ನೋಡಿ ಶಶಿಧರ ಈಗಲೂ ಒಂದೆರಡು ದಿನ ಮುಖ ಗಂಟಿಕ್ಕುತ್ತಾನೆ. ಮರುವರ್ಷ ಆ ಶಾಲೆಯ ತೋಟದ ಯೋಜನೆ ಪೂರ್ತಿ ಕೆಟ್ಟಿತು. ಲೋಹಿತ್‌ಗೆ ಗದ್ದಲದಲ್ಲಿ ಕಲಿಯುವುದು ಒಗ್ಗದೆ ಗಾರ್ಗಿ ಅವನನ್ನು ಬೇರೆ ಶಾಲೆಗೆ ಸೇರಿಸಿದಳು. ಅಲ್ಲಿ ಅವನು ಚೆನ್ನಾಗಿದ್ದಾನೆ. ಎಲ್ಲ ಮಕ್ಕಳಿಗೂ ಒಂದೇ ದಾರಿ ಎಂದು ವಿಜಯಶ್ರೀ ಯಾರೊಂದಿಗೂ ವಾದಿಸುವುದಿಲ್ಲ.

ಆದರೆ ಬುಧವಾರ ಬಂತೆಂದರೆ ಅವಳು ಈಗಲೂ ಶೆಡ್ಡಿಗೆ ಹೋಗುತ್ತಾಳೆ. ಹೊಸದಾಗಿ ಬಂದ ತಂದೆತಾಯಿಗಳು ಮಗುವಿನ ಕೈಯಿಂದ ಗರಗಸ ಕಸಿದುಕೊಳ್ಳಲು ಮುಂದಾದಾಗ, ಹಗುರಾಗಿ ಅವರ ಪಕ್ಕಕ್ಕೆ ಹೋಗಿ ನಿಲ್ಲುವುದು ಅವಳ ಕೆಲಸ. ಲ್ಯಾಬಿಗೆ ಹೊಸಬರು ಬಂದರೆ ಮೊದಲ ದಿನವೇ ಪಿಪೆಟ್ಟು ಕೈಗಿಟ್ಟು, ತಾನು ಸ್ಟೂಲಿನ ಮೇಲೆ ಕೂತು ಬಾಯಿ ಮುಚ್ಚಿಕೊಳ್ಳುತ್ತಾಳೆ. ಅದು ಅವಳಿಗೆ ಇನ್ನೂ ಸುಲಭವಾಗಿಲ್ಲ.

ಮೊನ್ನೆ ಲ್ಯಾಬಿನಿಂದ ಮನೆಗೆ ಬಂದರೆ, ಗದಗಿನಿಂದ ತಂದ ಮಿಕ್ಸಿ ಊಟದ ಮೇಜಿನ ಮೇಲೆ ತುಂಡುತುಂಡಾಗಿ ಹರಡಿಕೊಂಡಿತ್ತು. ತಿರುಗುವಾಗ ಸದ್ದು ಬರುತ್ತಿತ್ತು, ಯಾಕೆಂದು ನೋಡುತ್ತಿದ್ದೇನೆ ಎಂದಳು ಸ್ನೇಹಲ್, ತಲೆ ಎತ್ತದೆ. ಪ್ಲಗ್ ತೆಗೆದಿರುವುದನ್ನು ಖಚಿತಪಡಿಸಿಕೊಂಡು ವಿಜಯಶ್ರೀ ಎದುರಿನ ಕುರ್ಚಿಯಲ್ಲಿ ಕೂತು ಕೈಕಟ್ಟಿಕೊಂಡಳು. ಕತ್ತಲಾಗುವ ಮೊದಲು ಮಿಕ್ಸಿ ಮತ್ತೆ ಒಂದಾಯಿತು. ಒಂದು ಸ್ಕ್ರೂ ಮಾತ್ರ ಮೇಜಿನ ಮೇಲೆ ಉಳಿದುಹೋಯಿತು. ಇಬ್ಬರೂ ಅದನ್ನು ತಿರುವಿ ಮುರುವಿ ನೋಡಿದರು, ಎಲ್ಲಿಯದೆಂದು ಗೊತ್ತಾಗಲಿಲ್ಲ. ಸ್ನೇಹಲ್ ಮಿಕ್ಸಿಯನ್ನು ಮತ್ತೆ ಬಿಚ್ಚತೊಡಗಿದಳು.