ಅಪ್ಪ ಕೊರೆದ ಬೆಳಕಿಂಡಿ

ಮೊನ್ನೆ ನಮ್ಮ ಓಣಿಯ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಕಾದ ಡಾಂಬರಿನ ಆ ಕಟು ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಓದುತ್ತಿದ್ದ ಪತ್ರಿಕೆಯನ್ನು ಮಡಚಿಟ್ಟು ಎದ್ದುನಿಂತೆ. ಎದ್ದವಳಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಅಡುಗೆಮನೆಗೆ ಹೋದೆ, ನೀರು ಬಗ್ಗಿಸಿಕೊಂಡು ಕುಡಿಯದೆ ಹಾಗೇ ಇಟ್ಟೆ, ಮತ್ತೆ ಕಿಟಕಿಗೆ ಬಂದೆ. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಬಂದಾಗ ಬೇಡವೆಂದೆ. ಈ ವಯಸ್ಸಿನಲ್ಲೂ ಕೂತಲ್ಲಿ ಕೂಡದ ಈ ಚಡಪಡಿಕೆ ನನಗೆ ಅಪ್ಪನಿಂದ ಬಂದದ್ದು. ಡಾಂಬರಿನ ವಾಸನೆಯೂ ಅಪ್ಪನದೇ, ಅಪ್ಪನ ಭಾನುವಾರದ ಕೈಗಳದು.

ಪುಣೆಯ ನಾರಾಯಣ ಪೇಟೆಯ ಒಂದು ಹಳೆಯ ವಾಡೆಯಲ್ಲಿ ನಾವು ಬಾಡಿಗೆಗಿದ್ದೆವು. ನಡುವೆ ಅಂಗಳ, ಅಂಗಳದಲ್ಲೊಂದು ನಲ್ಲಿ, ಸುತ್ತ ಏಳೆಂಟು ಸಂಸಾರ. ಹಿತ್ತಲ ಕಡೆಯ ಎರಡು ಕೋಣೆ ಮತ್ತು ಗೋಡೆಗೆ ಆತು ನಿಂತ ಹೆಂಚಿನ ಇಳಿಮಾಡಿನ ಅಡುಗೆಮನೆ ನಮ್ಮ ಪಾಲಿನದು. ಅಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ಬಂದವನು, ದಂಡಿನವರ ಕ್ಯಾಂಪಿನಲ್ಲಿ ಗುಮಾಸ್ತ. ವಾರದ ಆರು ದಿನ ಕುರ್ಚಿಯಲ್ಲಿ ಕೂತು ಬರೆದು ಬರೆದು, ಏಳನೆಯ ದಿನ ಸುತ್ತಿಗೆ ಹಿಡಿಯುತ್ತಿದ್ದ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು. ನಡುಮನೆಯ ಕದ ಕಿರುಗುಟ್ಟುತ್ತದೆಂದು ಬಿಚ್ಚಿದ. ಬಿಚ್ಚಿದ ಕದ ಮರಳಿ ಚೌಕಟ್ಟಿಗೆ ಕೂಡಲೇ ಇಲ್ಲ, ಎರಡು ವಾರ ಅವ್ವನ ಹಳೆಯ ಇಳಕಲ್ ಸೀರೆಯೇ ನಮಗೆ ಕದವಾಯಿತು. ಕೋಟು ತೂಗುಹಾಕಲು ಗೋಡೆಗೆ ಮೊಳೆ ಹೊಡೆದರೆ ತಟ್ಟೆಯಗಲ ಗಿಲಾವು ಕಿತ್ತು ಬೀಳುತ್ತಿತ್ತು, ಅದರ ಮೇಲೊಂದು ಕ್ಯಾಲೆಂಡರು ಬರುತ್ತಿತ್ತು. ನಮ್ಮ ಮನೆಯ ಐದು ಕ್ಯಾಲೆಂಡರುಗಳು ತಿಥಿ ನೋಡಲಿಕ್ಕೆ ಇದ್ದವುಗಳಲ್ಲ. ಗೌಂಡಿಯನ್ನು ಕರೆಸಿ ಎಂದು ಯಾರಾದರೂ ಅಂದರೆ ಅಪ್ಪನಿಗೆ ಕೆಟ್ಟ ಸಿಟ್ಟು. "ನನಗ ಎರಡ ಕೈ ಅದಾವಲ್ಲೋ?" ಎನ್ನುತ್ತಿದ್ದ.

ಆ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅವ್ವ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಒಮ್ಮೆ ಅಂದಳಂತೆ: "ನಮ್ಮೂರಾಗ ಒಲಿ ಮುಂದ ಕುಂತರ ಮುಗಲು ಕಾಣ್ತಿತ್ರಿ. ಇಲ್ಲೆ ಹಗಲs ಆಗೂದಿಲ್ಲ." ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಲೆಯ ಮೇಲೆ ಒಂದು ಬೆಳಕಿಂಡಿ ಇದ್ದೇ ಇರುತ್ತದೆ, ಹೊಗೆ ಹೋಗಲು, ಬಿಸಿಲು ಬರಲು. ಅವ್ವ ಅದನ್ನು ಬೇಡಿದ್ದಲ್ಲ, ಸುಮ್ಮನೆ ನೆನೆದದ್ದು. ಆದರೆ ಅಪ್ಪನ ತಲೆಯಲ್ಲಿ ಅದು ಹೊಕ್ಕು ಕೂತಿತು. ನನಗೆ ಎರಡು ವರ್ಷವಿದ್ದಾಗ, ವಾಡೆಯ ಮಾಲಕರು ಆಳಂದಿ ಯಾತ್ರೆಗೆ ಹೋದ ಒಂದು ಭಾನುವಾರ, ಅಪ್ಪ ಮಾಡು ಹತ್ತಿ ಹೆಂಚು ತೆಗೆದು, ಹಲಗೆ ಕೊಯ್ದು, ಮೊಳದಗಲದ ಕಿಂಡಿ ಮಾಡಿಯೇಬಿಟ್ಟ. ಮುಚ್ಚಲು ಗಾಜು ಬೇಕಲ್ಲ? ತಮ್ಮ ಮದುವೆಯ ಫೋಟೋದ ಗಾಜನ್ನೇ ಬಿಚ್ಚಿ ಕೂರಿಸಿದ. ಗಾಜಿಲ್ಲದ ಫೋಟೋಕ್ಕೆ ಹುಳ ಹತ್ತಿ, ಅವ್ವನ ಮುಖ ಉಳಿಯಿತು, ಅಪ್ಪ ರುಮಾಲಿನ ಸಮೇತ ಹೋದ. ಮಾಲಕರು ಬಂದು ಕೂಗಾಡಿದರು. ಅಷ್ಟರಲ್ಲಿ ಅವ್ವ ಆ ಚೌಕ ಬಿಸಿಲಿನಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಆ ಮುಖ ನೋಡಿ ಅವರೂ ಗೊಣಗುತ್ತ ಹೋದರಂತೆ.

ಅಲ್ಲಿಂದ ಶುರುವಾಯಿತು ಸೋರುವುದು. ಅಪ್ಪ ಊರಿನ ರೀತಿಯಲ್ಲೇ ಕಿಂಡಿಯ ಸುತ್ತ ಗಿಡ್ಡ ಕಟ್ಟೆ ಕಟ್ಟಿದ್ದ. ಮಟ್ಟಸ ಮಾಳಿಗೆಯ ಮೇಲೆ ಆ ಕಟ್ಟೆ ನೀರನ್ನು ದೂರವಿಡುತ್ತದೆ. ಇಳಿಜಾರು ಹೆಂಚಿನ ಮೇಲೆ ಅದೇ ಕಟ್ಟೆ ಮೇಲಿನಿಂದ ಹರಿದು ಬಂದ ನೀರನ್ನೆಲ್ಲ ತಡೆದು ನಿಲ್ಲಿಸಿ ಒಳಗೆ ಬಿಡುತ್ತಿತ್ತು. ಇಷ್ಟು ಸಾದಾ ಮಾತು ಅಪ್ಪನಿಗೆ ಹೊಳೆಯಲೇ ಇಲ್ಲ. ನೀರು ಬಂದಷ್ಟೂ ಕಟ್ಟೆಯನ್ನು ಎತ್ತರಿಸಿದ. ಸುಣ್ಣ-ಬೆಲ್ಲ ಕಲಸಿ ಮೆತ್ತಿದ, ಊರಿನಿಂದ ಮಾಳಿಗೆಗೆ ಹಾಕುವ ಸವಳು ಮಣ್ಣನ್ನು ಗೋಣಿಚೀಲದಲ್ಲಿ ರೈಲಿಗೆ ಹಾಕಿ ತರಿಸಿದ, ಕೊನೆಗೆ ರಸ್ತೆ ಕೆಲಸದವರಿಂದ ಡಾಂಬರು ಕಾಡಿ ಬೇಡಿ ತಂದು, ಹಳೆಯ ಧೋತರದ ಚೂರುಗಳನ್ನು ಅದರಲ್ಲಿ ಅದ್ದಿ ಅಂಟಿಸತೊಡಗಿದ. ಮನೆಯೆಲ್ಲ ಆ ವಾಸನೆ. ಪ್ರತಿ ಸಲ ಕೆಳಗಿಳಿದು, ಕೈ ಕಪ್ಪು ಮಾಡಿಕೊಂಡು ಕೇಳುತ್ತಿದ್ದ: "ಈಗ ಹ್ಯಾಂಗದ?" ಅವ್ವ ಮೇಲೆ ನೋಡಿ, "ಭಾಳ ಛಲೋ ಬೆಳಕು ಬರ್ತದ ನೋಡ್ರಿ" ಎನ್ನುತ್ತಿದ್ದಳು. ಅಷ್ಟು ಕೇಳಿದರೆ ಅಪ್ಪನಿಗೆ ಮುಂದಿನ ಮಳೆಯವರೆಗೆ ಸಾಕಾಗುತ್ತಿತ್ತು.

ನನಗೆ ಹನ್ನೆರಡು ತುಂಬುವ ಹೊತ್ತಿಗೆ ಅನ್ನದಲ್ಲಿ ಹರಳು ಬರತೊಡಗಿದವು. ಮೊದಲು ಒಂದೆರಡು, ಆಮೇಲೆ ದಿನಾ. ಯುದ್ಧದ ಕಾಲ, ಕೊಟ್ಟ ಅಕ್ಕಿ ತೆಗೆದುಕೊಳ್ಳಬೇಕು. ಹಲ್ಲಿಗೆ ಕಟಂ ಎಂದರೆ ಸಾಕು, ಅಪ್ಪ ಊಟ ಬಿಟ್ಟೇಳುತ್ತಿದ್ದ. ಆ ಹರಳನ್ನು ಚೀಟಿಯಲ್ಲಿ ಕಟ್ಟಿಕೊಂಡು ಹೋಗಿ ಅಂಗಡಿಯವನ ಮುಂದೆ ಒಗೆದು, ತನ್ನ ಧಾರವಾಡದ ಮರಾಠಿಯಲ್ಲಿ ಜಗಳ ತೆಗೆಯುತ್ತಿದ್ದ. ಅವ್ವ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು, ದೇವಸ್ಥಾನಕ್ಕೆ ಪಕ್ಕದ ಮನೆಯ ಕಾಕುವಿನ ಕೈ ಹಿಡಿದು ಹೋಗುತ್ತಿದ್ದಳು. ಇದನ್ನೆಲ್ಲ ನಾನು ದಿನವೂ ನೋಡುತ್ತಿದ್ದೆ, ನನಗೆ ಏನೂ ಅನ್ನಿಸಲಿಲ್ಲ. ಅದಕ್ಕಾಗಿ ನನ್ನನ್ನು ನಾನು ಈವರೆಗೂ ಕ್ಷಮಿಸಿಕೊಂಡಿಲ್ಲ.

ಆ ವರ್ಷ ಬೇಸಿಗೆಯ ಒಂದು ಸಂಜೆ ಆಲಿಕಲ್ಲು ಬಿದ್ದು ಬೆಳಕಿಂಡಿಯ ಗಾಜು ಒಡೆಯಿತು. ಹೊಸ ಗಾಜಿಗಾಗಿ ಅಪ್ಪ ಪೇಟೆಯೆಲ್ಲ ಅಲೆದ. ಯುದ್ಧ ಮುಗಿಯಲಿ, ಆಮೇಲೆ ಬನ್ನಿ ಎಂದು ನಕ್ಕರಂತೆ. ಮಳೆಗಾಲ ಹತ್ತಿರ ಬಂದಿತ್ತು. ಕೊನೆಗೆ ಒಂದು ಭಾನುವಾರ, ಅವ್ವ ಕಾಕುವಿನ ಜೊತೆ ಓಂಕಾರೇಶ್ವರನ ಗುಡಿಗೆ ಹೋದಾಗ, ಸೀಮೆಎಣ್ಣೆ ಡಬ್ಬಿಯ ತಗಡು ಬಡಿದು ಕಿಂಡಿಯನ್ನೇ ಮುಚ್ಚಿ, ಸುತ್ತ ಡಾಂಬರು ಹಚ್ಚಿದ. ಒಳಗೆ ಎಂಥ ಕತ್ತಲೆಯೆಂದರೆ ಸೌಟು ಎಲ್ಲಿದೆಯೆಂದು ನಾನು ತಡಕಾಡಿದೆ. ಅಪ್ಪನಿಗೆ ನಿಂತಲ್ಲಿ ನಿಲ್ಲಲಾಗದು. ಅಂಗಳಕ್ಕೂ ಅಡುಗೆಮನೆಗೂ ನಾಲ್ಕು ಸಲ ಓಡಾಡಿ ನನ್ನೆದುರು ಮಾತು ಹೊಂದಿಸುತ್ತಿದ್ದ: "ಗಾಜು ಸಿಗೂ ತನಕ ಅಷ್ಟs ತಡಕೋ ಅಂತೀನಿ. ಬೈಯೂದಿಲ್ಲಲ್ಲ ನಿಮ್ಮವ್ವ?"

ಅವ್ವ ಬಂದಳು. ಹೊಸ್ತಿಲಲ್ಲಿ ನಿಂತು ವಾಸನೆ ಹಿಡಿದಳು. ಗೋಡೆ ಸವರುತ್ತ ನಾಲ್ಕು ಹೆಜ್ಜೆ ಇಟ್ಟು ತನ್ನ ಜಾಗದಲ್ಲಿ ಕೂತು, ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು. ಆಮೇಲೆ ಆ ತಗಡಿನ ಕಡೆಗೆ ಮುಖವೆತ್ತಿ ಅಂದಳು:

"ಇವತ್ತ ಭಾಳ ಛಲೋ ಬೆಳಕು ಬಂದದ ನೋಡ್ರಿ. ಕಾಳಕಾಳs ಕಾಣಸ್ತದ."

ಅಪ್ಪ ಬಾಗಿಲಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ. ಅಷ್ಟು ಹೊತ್ತು ಅವನು ಅಲುಗಾಡದೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆಮೇಲೆ, "ಹೌದು. ಛಲೋ ಬಂದದ" ಎಂದ. ಕತ್ತಲಲ್ಲಿ ಅವ್ವನ ಬೆರಳುಗಳು ಅಕ್ಕಿಯಲ್ಲಿ ಓಡಾಡುತ್ತಿದ್ದ ಸದ್ದಷ್ಟೇ ಕೇಳುತ್ತಿತ್ತು. ಹತ್ತು ಮಳೆಗಾಲ ಮಾಡು ಹತ್ತಿಳಿದ ಗಂಡನಿಗೆ, ನೀವು ತಂದ ಬೆಳಕು ನನಗೆ ಕಾಣುತ್ತಿಲ್ಲ ಎಂದು ಅವಳು ಯಾವ ಬಾಯಿಂದ ಹೇಳಬೇಕಿತ್ತು?

ಅಂದಿನ ಊಟಕ್ಕೆ ಅದೇ ಅಕ್ಕಿ. ಎರಡನೆಯ ತುತ್ತಿಗೇ ಅಪ್ಪನ ಹಲ್ಲಿನಲ್ಲಿ ಕಟಂ ಎಂದಿತು. ಅವ್ವನ ಕೈ ಸೌಟಿನ ಮೇಲೆ ನಿಂತಿತು.

"ಹರಳೇನ್ರಿ?"

"ಇಲ್ಲs. ಹಪ್ಪಳ" ಎಂದ ಅಪ್ಪ, ನುಂಗಿದ.

ಅವತ್ತು ಯಾರ ತಾಟಿನಲ್ಲೂ ಹಪ್ಪಳ ಇರಲಿಲ್ಲ. ಬಡಿಸಿದವಳಿಗೆ ಅದು ಗೊತ್ತಿರಲಿಲ್ಲವೇ? ತಡವರಿಸುತ್ತ ಅವನ ತಾಟು ಹುಡುಕಿ, ಇನ್ನೊಂದು ಚಮಚ ತುಪ್ಪ ಹಾಕಿದಳು.

ಆ ವಾರವೇ ಅಪ್ಪ ಅವಳನ್ನು ಕ್ಯಾಂಪಿನ ಕಣ್ಣಿನ ಡಾಕ್ಟರರ ಬಳಿ ಕರೆದುಕೊಂಡು ಹೋದ. ತಡವಾಯಿತು ಎಂದರು. ಮನೆಗೆ ಬಂದವನು ಕೋಟು ಸಹ ಬಿಚ್ಚದೆ ಮಾಡು ಹತ್ತಿ ತಗಡು ಕಿತ್ತೊಗೆದ. ಮತ್ತೆ ಅದನ್ನು ಮುಚ್ಚಲಿಲ್ಲ, ಮಳೆ ಬಂದರೆ ಕೆಳಗೊಂದು ಬೋಗುಣಿ ಇಡುತ್ತಿದ್ದೆವು. ಅವ್ವ ಬಿಸಿಲಿಗೆ ಅಂಗೈ ಒಡ್ಡಿ, "ಹನ್ನೊಂದಾತು" ಎಂದರೆ ಗಡಿಯಾರ ನೋಡಬೇಕಾಗಿರಲಿಲ್ಲ. ಅವಳ ಪಕ್ಕದಲ್ಲಿ ಅಪ್ಪ ಭಾನುವಾರಗಳನ್ನು ಚಕ್ಕಳಮಕ್ಕಳ ಹಾಕಿ ಕೂತು ಕಳೆದ, ಮೊರದಲ್ಲಿ ವಾರದ ಅಕ್ಕಿ ಹರಡಿಕೊಂಡು. ಸುತ್ತಿಗೆ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ಇಬ್ಬರೂ ಹೋಗಿ ಬಹಳ ವರ್ಷಗಳಾದವು. ವಾಡೆಯನ್ನು ಕೆಡವಿ ಐದಂತಸ್ತಿನ ಕಟ್ಟಡ ಎಬ್ಬಿಸಿದ್ದಾರೆ. ಆ ದಾರಿಯಲ್ಲಿ ಹೋದರೆ ನನ್ನ ಕಾಲು ತಾನಾಗಿ ಬೇಗ ಬೇಗ ನಡೆಯುತ್ತದೆ. ಮೊನ್ನೆ ಡಾಂಬರಿನ ವಾಸನೆ ಇನ್ನೂ ಹೋಗಿರದ ಹೊತ್ತಿನಲ್ಲಿ, ತಾಟಿನಲ್ಲಿ ಒಂದು ಪಾವು ಅಕ್ಕಿ ಸುರುವಿಕೊಂಡು ಕಿಟಕಿಯ ಬಳಿ ಕೂತೆ. "ಈಗಿನ ಅಕ್ಕಿ ಹಸನು ಮಾಡಬೇಕಾಗಿಲ್ರಿ ಅತ್ತೆ" ಎಂದಳು ಸೊಸೆ. ಕಾಳು ಕಾಳು ಸರಿಸಿ ಹುಡುಕಿದೆ. ಒಂದು ಹರಳೂ ಸಿಗಲಿಲ್ಲ.