ಗಿರಣಿ ಬಂದ್ ಮಾಡಿಸಿದ ದೋಣಿ

ಲಕ್ಷ್ಮೇಶ್ವರದಲ್ಲಿ ಹೊಳೆ ಇಲ್ಲ. ಆದರೂ ನಾಗರತ್ನಾ ನಡೆಸುವ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಹನ್ನೆರಡು ಅಡಿಯ ಫೈಬರ್ ಹಾಯಿದೋಣಿಯೊಂದು ಎಂಟು ತಿಂಗಳು ಬೋರಲು ಬಿದ್ದಿತ್ತು. ಜೋಳ ಬೀಸಿಸಲು ಬಂದವರು ಅದರ ಮೇಲೆ ಚೀಲ ಇಟ್ಟು ಸರತಿ ಕಾಯುತ್ತಿದ್ದರು.

ದೋಣಿ ತಂದವನು ಅವಳ ಗಂಡ ಫಕೀರೇಶ. ಗೋವಾದ ಒಂದು ದೋಣಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಮೊದಲ ನಾಲ್ಕು ವರ್ಷ ಒಡೆದ ದೋಣಿಗಳಿಗೆ ತೇಪೆ ಹಾಕುವ ಕೆಲಸ. ಒಮ್ಮೆ ಅವನು ರಿಪೇರಿ ಮಾಡಿದ ದೋಣಿ ನಡುನೀರಿನಲ್ಲಿ ಸೋರಿ ಮುಳುಗಿತು. ಒಳಗಿದ್ದ ಇಬ್ಬರು ಈಜಿ ದಡ ಸೇರಿದರು. ಎಲ್ಲಿಂದ ಸೋರಿತೆಂದು ಯಾರೂ ನೋಡಲಿಲ್ಲ. ಮೇಸ್ತ್ರಿ ಅವನ ಕೈಗೆ ಉಜ್ಜುಕಾಗದ ಕೊಟ್ಟು, ಇನ್ನು ಮೇಲೆ ಇಷ್ಟೇ ಮಾಡು ಅಂದ. ಉಳಿದ ಹದಿನೆಂಟು ವರ್ಷ ಉಜ್ಜುವುದರಲ್ಲೇ ಕಳೆದವು. ತಪ್ಪು ತನ್ನದೋ ಅಲ್ಲವೋ ಎಂಬುದು ಅವನಿಗೆ ತಿಳಿಯಲೇ ಇಲ್ಲ. ಕಾರ್ಖಾನೆ ಮುಚ್ಚಿದಾಗ, ಮರದಡಿ ಬಿದ್ದಿದ್ದ ಈ ಹಳೆಯ ದೋಣಿಯನ್ನು ಕೇಳಿ ಪಡೆದು, ಉಳ್ಳಾಗಡ್ಡಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ತಂದ.

"ಇದನ್ನೇನ್ ಮಾಡಾವ್ರು?" ಎಂದು ನಾಗರತ್ನಾ ಕೇಳಿದಳು.

"ಒಂದ್ಸಲ ನಾನಽ ಪೂರಾ ಮಾಡಿ ನೋಡ್ತೀನಿ."

ಚಮಚದ ಹಿಡಿಯಿಂದ ದೋಣಿಯನ್ನು ಇಂಚಿಂಚು ತಟ್ಟುತ್ತ ಹೋದ. ಟಣ್ ಎಂದಲ್ಲಿ ಗಟ್ಟಿ, ದಬ್ ಎಂದಲ್ಲಿ ಒಳಗೆ ಕೊಳೆತಿದೆ ಎಂದರ್ಥ. ತಳ ಕೊಯ್ದಾಗ ಒಳಗಿನ ಹಲಗೆ ನೆನೆದ ರೊಟ್ಟಿಯಂತೆ ಕೈಗೆ ಬಂತು. ಅದನ್ನೆಲ್ಲ ಕೆರೆದು, ಒಂದು ತಿಂಗಳು ಬಿಸಿಲಿಗೆ ಒಣಗಿಸಿದ. ನಾರು ಅಂಟಿಸಲು ಏಪ್ರಿಲ್ ಮಧ್ಯಾಹ್ನ ಕಲಸಿದ ಮೊದಲ ರಾಳ ಬಿಸಿಲಿನ ಕಾವಿಗೆ ಮಗ್ಗಿನಲ್ಲೇ ಹೊಗೆಯಾಡಿ ಕಲ್ಲಾಯಿತು. ಆಮೇಲೆ ಹೊತ್ತು ಮೂಡುವ ಮುನ್ನ ಎದ್ದು, ಚಹಾ ಕಪ್ಪಿನಷ್ಟಷ್ಟೇ ಕಲಸಿ, ಗಾಜಿನ ನಾರಿನ ಹಾಳೆ ಪದರ ಪದರವಾಗಿ ಹಚ್ಚಿದ. ದೋಣಿಯ ನಡುವೆ, ಗಾಳಿಗೆ ಪಕ್ಕಕ್ಕೆ ಜಾರದಂತೆ ನೀರಿಗೆ ಹಲಗೆ ಇಳಿಸುವ ಪೆಟ್ಟಿಗೆಯ ಸಂದನ್ನು ಮಾತ್ರ, ಸೋರೀತೆಂದು ಎರಡು ಸಲ ಕಿತ್ತು ಮೂರನೆಯ ಸಲ ಕೂರಿಸಿದ.

ಬಣ್ಣದ ಸರದಿ ಬಂತು. ಹಸಿ ಬಣ್ಣದ ಮೇಲೆ ಗಿರಣಿಯ ಹಿಟ್ಟು ಹಾರಿ ಕೂತಿತು. ಪೂರ್ತಿ ಉಜ್ಜಿ ಮತ್ತೆ ಬಳಿದ; ಮತ್ತೆ ಹಿಟ್ಟು. ಮರುದಿನ ನಾಗರತ್ನಾ ಬಾಗಿಲಿಗೆ ಬೀಗ ಹಾಕಿ, ಎರಡು ದಿನ ಬಂದ್ ಎಂದು ಹಲಗೆ ತೂಗುಹಾಕಿದಳು.

"ಮಂದಿ ಬೈತಾರಲ್ಲ," ಅಂದ ಫಕೀರೇಶ.

"ಬೈಲಿ. ಬಣ್ಣ ಒಣಗ್ಲಿ."

ಬೆಟಗೇರಿಯಲ್ಲಿ ತಾಡಪಾಲು ಹೊಲಿಯುವ ರಮಜಾನಬಿ ಹರಿದ ಹಾಯಿಯನ್ನು ಎರಡೆಳೆ ಹೊಲಿಗೆ ಹಾಕಿ ಕೊಟ್ಟಳು.

ಮಳೆ ಮುಗಿದ ಮೇಲೆ ದೋಣಿಯನ್ನು ಗೂಡ್ಸ್ ಟೆಂಪೋಗೇರಿಸಿ, ಮುಂಡರಗಿ ಕಡೆಯ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗೆ ಒಯ್ದರು. ಅಲ್ಲಿ ಮೀನು ಹಿಡಿಯುವ ಖಾಸಿಂಸಾಬ ನೀರಿಗಿಳಿಸಲು ಕೈಹಚ್ಚಿದ. ಹಾಯಿ ಗಾಳಿ ಹಿಡಿಯಿತು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಫಕೀರೇಶನ ಹಿಮ್ಮಡಿಗೆ ತಣ್ಣಗೆ ನೀರು ತಾಗಿತು. ತಿರುಗಿಸಿಕೊಂಡು ಬಂದು, ದಡದ ಹತ್ತಿರ ತಲೆ ಬಗ್ಗಿಸಿ ನಿಂತ.

"ಸೋರಾಕತ್ತೈತಿ," ಅಂದ.

"ಎಲ್ಲಿ ಸೋರತೈತಿ?" ನಾಗರತ್ನಾ ಕೇಳಿದಳು.

"ನಡುವಿನ ಸಂದಿನ್ಯಾಗಽ ಇರಬೇಕು."

"ಇರಬೇಕು ಅಂದ್ರ? ನೋಡಿರೇನು?"

ಅವನು ನೋಡಿರಲಿಲ್ಲ. ಖಾಸಿಂಸಾಬ ದೋಣಿಯನ್ನು ನೀರಿನಲ್ಲೇ ಹಿಡಿದು ನಿಲ್ಲಿಸಿ, ಒಳಗಿನ ನೀರು ಚೆಲ್ಲಿದ. ನಾಗರತ್ನಾ ಒಳಗಿಳಿದು ಬಟ್ಟೆಯಿಂದ ಒರೆಸಿ, ರೊಟ್ಟಿ ಕಟ್ಟಿದ್ದ ಪೇಪರು ಹರಿದು ಪೆಟ್ಟಿಗೆಯ ಸುತ್ತ, ಮೂಲೆ ಮೂಲೆಗೆ ಹಾಸಿದಳು. ಮೂವರೂ ಬಗ್ಗಿ ಪೇಪರನ್ನೇ ನೋಡುತ್ತ ಕಾದರು. ಹಿಂದಿನ ಮೂಲೆಯ ತುಂಡೊಂದು ಮೆಲ್ಲಗೆ ತೊಯ್ದು ಕಪ್ಪಾಯಿತು. ಅಲ್ಲಿ, ಒಳಗಿನ ನೀರು ಹೊರಬಿಡುವ ತೂತಿನ ಬಿರಡೆಯ ಹಳೇ ರಬ್ಬರು ಸೀಳಿತ್ತು. ಪೆಟ್ಟಿಗೆಯ ಸುತ್ತಲಿನ ಪೇಪರು ಗರಿಗರಿಯಾಗಿಯೇ ಇತ್ತು.

ಫಕೀರೇಶ ಆ ಪೇಪರನ್ನು ಎತ್ತಿ ಎರಡೂ ಬದಿ ಮುಟ್ಟಿ ನೋಡಿದ. ಆಮೇಲೆ ಮೊಣಕಾಲುದ್ದ ನೀರಿನಲ್ಲಿ ಹಾಗೇ ಕೂತುಬಿಟ್ಟ. ಮುಖ ತೊಳೆದುಕೊಂಡ, ಮತ್ತೆ ತೊಳೆದುಕೊಂಡ.

"ಏಳ್ರಿ, ಅರಿಬಿ ತೊಯ್ತಾವು," ಅಂದಳು ನಾಗರತ್ನಾ.

ಖಾಸಿಂಸಾಬ ಸೈಕಲ್ ಟ್ಯೂಬು ಕತ್ತರಿಸಿ ಬಿರಡೆಗೆ ಕೂರಿಸಿದ. ಮಧ್ಯಾಹ್ನದವರೆಗೆ ಗಂಡಹೆಂಡತಿ ಹಿನ್ನೀರಿನ ತುಂಬ ಓಡಾಡಿದರು. ತಳದಲ್ಲಿ ಹನಿ ನೀರಿಲ್ಲ. ಆಚೆ ದಡದಲ್ಲಿ ಇಳಿದು ರೊಟ್ಟಿ, ಶೇಂಗಾ ಚಟ್ನಿ ತಿಂದರು. ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಮುಂದಿನ ವಾರ ಖಾಸಿಂಸಾಬ ತನ್ನ ಸೀಳಿದ ಫೈಬರ್ ಹರಿಗೋಲನ್ನು ಟೆಂಪೋದಲ್ಲಿ ಹೇರಿಕೊಂಡು ಗಿರಣಿಗೆ ತಂದ. "ಯಾವಾಗ ರಿಪೇರಿ ಅಕ್ಕೈತಿ?" ಎಂದು ಕೇಳಿದ. ಫಕೀರೇಶ ಅದನ್ನು ಸುತ್ತಲೂ ತಟ್ಟಿ ನೋಡಿ, "ಒಣಗಾಕ ಬಿಡಬೇಕು. ಹತ್ತು ದಿನ ಬಿಟ್ಟು ಬಾ," ಅಂದ.